ಮಾಣಿಗೆ ಒಂದು ಹೆಸರು

ಐತಿಹಾಸಿಕ ಕಾದಂಬರಿ ಎಂದ ಕೂಡಲೇ ಕನ್ನಡದವರಿಗೆ ಕಣ್ಣೆದುರು ಬರುವುದು ಕೋಟೆ, ಕುದುರೆ, ರಾಜಮುದ್ರೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ ಕೊಡಗಿನ ಕೊನೆಯ ಅರಸ, ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿ ಮದಕರಿನಾಯಕ, ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಯಲ್ಲಿ ಹೊಯ್ಸಳರ ಅರಮನೆ. ಇವನ್ನೆಲ್ಲ ಊರಿನ ಗ್ರಂಥಾಲಯದಿಂದ ತಂದು ಓದಿ ಬೆಳೆದವರು ನಾವು. ಕಳೆದ ಮೂರು ವರ್ಷಗಳಿಂದ ನಾನು ಬರೆಯುತ್ತಿರುವ ಕಾದಂಬರಿಯಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಇರುವವನು ಮಸ್ಜಿದ್ ಬಂದರ್ ಸ್ಟೇಷನ್ನಿನ ಬಳಿಯ ಒಂದು ಚಹಾ ಹೋಟೆಲಿನ ಹುಡುಗ. ಕಾಲ 1942ರ ಕೊನೆಯಿಂದ 1944ರ ಏಪ್ರಿಲ್‌ವರೆಗೆ. ಜಾಗ, ಬೊಂಬಾಯಿಯ ಗೋದಿಯಿಂದ ಡೋಂಗ್ರಿಯವರೆಗೆ, ನಡೆದರೆ ಅರ್ಧ ಗಂಟೆ. ಇದನ್ನು ಐತಿಹಾಸಿಕ ಕಾದಂಬರಿ ಎನ್ನಬಹುದೇ ಎಂದು ಮೊದಲು ಕೇಳಿದವರು ನಮ್ಮ ಮನೆಯವಳೇ. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಬಂದ ಮೇಲೆ ಈ ಪ್ರಶ್ನೆಗೆ ಉತ್ತರಿಸುವುದು ಸ್ವಲ್ಪ ಸುಲಭವಾಗಿದೆ. ಅಲ್ಲೂ ಕಥೆ ನಡೆಸುವವರು ಸಿಂಹಾಸನದ ಮೇಲೆ ಕೂತವರಲ್ಲವಲ್ಲ.

ಕಥೆಯ ಹಿಂದಿರುವ ಘಟನೆ ಮುಂಬಯಿಯ ಹಳಬರಿಗೆಲ್ಲ ಗೊತ್ತು. 1944ರ ಏಪ್ರಿಲ್ 14, ಶುಕ್ರವಾರ. ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ವಿಕ್ಟೋರಿಯಾ ಗೋದಿಯಲ್ಲಿ ನಿಂತಿತ್ತು. ಒಳಗೆ ಸುಮಾರು 1400 ಟನ್ ಸ್ಫೋಟಕ, ಕರಾಚಿಯಲ್ಲಿ ತುಂಬಿಸಿದ ಸಾವಿರಾರು ಹತ್ತಿ ಬೇಲು, ಎಣ್ಣೆ ಪೀಪಾಯಿ, ಮರಮುಟ್ಟು, ಜೊತೆಗೆ ಪೆಟ್ಟಿಗೆಗಳಲ್ಲಿ ಚಿನ್ನದ ಗಟ್ಟಿ. ಇಷ್ಟನ್ನೂ ಒಂದೇ ಹಡಗಿಗೆ ತುಂಬಿದ್ದು ಯುದ್ಧಕಾಲದ ಬುದ್ಧಿ. ಮಧ್ಯಾಹ್ನ ಹತ್ತಿಗೆ ಬೆಂಕಿ ಬಿತ್ತು. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆ ಕಳೆಯುವುದರೊಳಗೆ ಎರಡನೆಯದು. ಶಿಮ್ಲಾದ ಭೂಕಂಪಮಾಪಕದಲ್ಲೂ ಅದು ದಾಖಲಾಯಿತು. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಇವತ್ತಿಗೂ ಏಪ್ರಿಲ್ 14ನ್ನು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನ ಎಂದು ಆಚರಿಸುವುದು ಅವರ ನೆನಪಿಗೆ. ಬೈಕಲಾದಲ್ಲಿ ಅವರ ಸ್ಮಾರಕವೂ ಇದೆ. ಒಟ್ಟು ಸತ್ತವರ ಲೆಕ್ಕ ಮಾತ್ರ ಒಬ್ಬೊಬ್ಬರದು ಒಂದೊಂದು: 700ಕ್ಕಿಂತ ಸ್ವಲ್ಪ ಹೆಚ್ಚು ಎನ್ನುವವರಿದ್ದಾರೆ, 1300 ಎನ್ನುವವರೂ ಇದ್ದಾರೆ. ಆ ಎರಡು ಸಂಖ್ಯೆಗಳ ನಡುವಿನ ಐನೂರು ಚಿಲ್ಲರೆ ಜನ ಯಾರು? ಹಮಾಲರು, ಗಾಡಿಯವರು, ಫುಟ್‌ಪಾತಿನಲ್ಲಿ ಮಲಗುವವರು, ಹೋಟೆಲ್ ಮಾಣಿಗಳು. ಹೆಸರು ಹಿಡಿದು ಕೇಳುವವರು ಊರಲ್ಲಿ ದೂರ ಇದ್ದವರು.

ನನ್ನ ಅಜ್ಜಿಯ ತಮ್ಮ ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ 1942ರಲ್ಲಿ ಬೊಂಬಾಯಿಗೆ ಹೊರಟವನು, ಆಗ ಅವನಿಗೆ ಹದಿನೈದು. 1944ರ ಮಾರ್ಚಿನಲ್ಲಿ ಅವನ ಕೊನೆಯ ಮನಿಯಾರ್ಡರ್ ಬಂತು. ಆಮೇಲೆ ಏನೂ ಬರಲಿಲ್ಲ. ಇಷ್ಟೇ ನನ್ನ ಬಳಿ ಇದ್ದ ಸಾಮಗ್ರಿ. ಉಳಿದದ್ದು ಊಹೆ. ಊಹೆ ಮತ್ತು ದಾಖಲೆಯ ನಡುವೆ ಒಬ್ಬನೇ ಕೂತವನಿಗೆ ಎರಡು ಅಪಾಯ. ದಾಖಲೆ ಜಾಸ್ತಿಯಾದರೆ ಕಾದಂಬರಿ ವರದಿಯಾಗುತ್ತದೆ. ಊಹೆ ಜಾಸ್ತಿಯಾದರೆ ಸತ್ತವನ ಬಾಯಲ್ಲಿ ನಮ್ಮ ಮಾತು ತುರುಕಿದಂತಾಗುತ್ತದೆ. ಎರಡರಿಂದಲೂ ನನ್ನನ್ನು ಈವರೆಗೆ ಕಾಪಾಡಿದವರು ನಾಲ್ಕು ಜನ. ಈ ಲೇಖನ ಹೆಚ್ಚಾಗಿ ಅವರದ್ದೇ ಕಥೆ.

ಹೆಸರು ಹಾಕಬೇಡಿ ಎಂದು ನಾಲ್ವರೂ ಹೇಳಿದ್ದಾರೆ, ಊರಿನ ಹೆಸರು ಹಿಡಿದೇ ಕರೆಯುತ್ತೇನೆ. ಪುಣೆಯ ಅಕ್ಕ ಹುಬ್ಬಳ್ಳಿಯವರು, ಕತೆ ಬರೆಯುತ್ತಾರೆ, ಮರಾಠಿಯಿಂದ ಅನುವಾದ ಮಾಡುತ್ತಾರೆ. ಚೆನ್ನೈ ಸರ್ ತುಮಕೂರು ಕಡೆಯವರು, ನಿವೃತ್ತ ಗ್ರಂಥಪಾಲಕರು, ಪ್ರಬಂಧಕಾರರು. ಹೈದರಾಬಾದಿನ ಕವಯಿತ್ರಿಯವರ ತವರು ಕಲಬುರಗಿ. ದೆಹಲಿಯ ಗೆಳೆಯ ಶಿವಮೊಗ್ಗದವನು, ಬ್ಯಾಂಕಿನಲ್ಲಿ ಕೆಲಸ, ಬರೆಯುವುದು ನಾಟಕ. ಐವರಲ್ಲಿ ಯಾರೂ ಹಿಂದೆ ಐತಿಹಾಸಿಕ ಕಾದಂಬರಿ ಬರೆದವರಲ್ಲ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನಿನಲ್ಲಿ ಸೇರುತ್ತೇವೆ. ಮುಖತಃ ಸೇರಿದ್ದು ಎರಡೇ ಸಲ, ಎರಡೂ ಸಲ ಮಾಟುಂಗದಲ್ಲಿ, 1942ರಿಂದ ನಡೆದುಬಂದಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ. ಅದು ಶುರುವಾದ ವರ್ಷವೇ ನಮ್ಮ ಮಾಣಿ ಊರು ಬಿಟ್ಟಿದ್ದು. ಬಾಳೆಯೆಲೆ ಊಟದ ನಡುವೆ ದೆಹಲಿಯ ಗೆಳೆಯ ಇದನ್ನೇ ದೊಡ್ಡ ಶಕುನ ಎಂದು ಘೋಷಿಸಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ನಮ್ಮ ಕೂಟಕ್ಕೆ ಕಟ್ಟುಪಾಡುಗಳಿವೆ. ಹದಿನೈದು ಪುಟ, ಗುರುವಾರ ರಾತ್ರಿಯೊಳಗೆ ಕಳಿಸಬೇಕು. ಮಾತು ಶುರುವಾದ ಮೇಲೆ ಬರೆದವನು ಮುಕ್ಕಾಲು ಗಂಟೆ ಬಾಯಿ ಬಿಡುವಂತಿಲ್ಲ. ‘ಚೆನ್ನಾಗಿದೆ’ ಎನ್ನುವ ಪದ ನಿಷಿದ್ಧ. ಇವೆಲ್ಲ ಎಲ್ಲ ಕೂಟಗಳಲ್ಲೂ ಇರಬಹುದು. ನಮ್ಮಲ್ಲಿ ವಿಶೇಷ ಎಂದರೆ ದೆಹಲಿಯವನು ತಂದ ನಾಟಕದವರ ಪದ್ಧತಿ: ಬರೆದವನ ಬದಲು ಬೇರೆಯವರು ಗಟ್ಟಿಯಾಗಿ ಓದಬೇಕು. ಓದುವವರ ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಬೇಕು. ಕುಂದಾಪುರದ ಹುಡುಗನ ಮಾತನ್ನು ಕಲಬುರಗಿಯ ನಾಲಿಗೆ ಓದುವಾಗ ಏನಾಗುತ್ತದೆ ಎಂದು ಕೇಳಿಯೇ ಅನುಭವಿಸಬೇಕು. ಅರ್ಥವಾಗದ ಪದಕ್ಕೆ ಅವರು ನಿಲ್ಲುತ್ತಾರೆ, ನಗುತ್ತಾರೆ, ಆಮೇಲೆ ‘ಇದು ಇರಲಿ, ತಿಳೀಲಿಲ್ಲ ಅಂದ್ರೂ ಕಿವಿಗೆ ಛಲೋ ಅನಸ್ತದ’ ಎನ್ನುತ್ತಾರೆ. ಆ ‘ಇರಲಿ’ ಬಂದ ಪದಗಳನ್ನು ನಾನು ಮುಟ್ಟಿಲ್ಲ.

ಭಾಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೊರನಾಡಿನಲ್ಲಿ ಕೂತು ಬರೆಯುವವರಿಗೆಲ್ಲ ಇದು ತಲೆನೋವು. ನಾವು ಊರು ಬಿಟ್ಟ ವರ್ಷದ ಕನ್ನಡ ನಮ್ಮ ಬಾಯಲ್ಲಿ ಹಾಗೆಯೇ ಗಟ್ಟಿಯಾಗಿ ಉಳಿದುಬಿಡುತ್ತದೆ. ಊರಿನ ಕನ್ನಡ ಮುಂದೆ ಹೋಗಿರುತ್ತದೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಣ್ಣನ ಮಕ್ಕಳು ನಮ್ಮ ಮಾತು ಕೇಳಿ ನಗುವುದು ನಿಮಗೂ ಗೊತ್ತಿದೆ. ಈ ಗಟ್ಟಿಯಾದ ಕನ್ನಡ ನನ್ನ ಕಾದಂಬರಿಗೆ ಉಪಕಾರಕ್ಕೆ ಬಂತು. ಆದರೆ ಅದು 1990ರ ದಶಕದ್ದು. ನನಗೆ ಬೇಕಾದದ್ದು 1940ರ ದಶಕದ್ದು. ಹಾಗಾಗಿ ಚೆನ್ನೈ ಸರ್ ಒಂದು ಪಟ್ಟಿ ಶುರುಮಾಡಿದರು. ಅದರ ಹೆಸರು ‘ಮಾಣಿಗೆ ಗೊತ್ತಿಲ್ಲದ ಪದಗಳು’. ಸದ್ಯ ಅದರಲ್ಲಿ ನೂರಾ ಎಪ್ಪತ್ತು ಪದಗಳಿವೆ. ಸ್ಟೀಲ್ ಲೋಟ ಇಲ್ಲ, ಕಲಾಯಿ ಹಾಕಿದ ಹಿತ್ತಾಳೆ ಇದೆ. ಪ್ಲಾಸ್ಟಿಕ್ ಬಕೆಟ್ ಇಲ್ಲ. ನಯಾಪೈಸೆ ಇಲ್ಲ, ದಶಮಾನ ನಾಣ್ಯ ಬಂದದ್ದು 1957ರ ಏಪ್ರಿಲ್ ಒಂದಕ್ಕೆ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಕೆ.ಜಿ. ಇಲ್ಲ, ಸೇರು ಇದೆ. ‘ಕಟಿಂಗ್ ಚಹಾ’ ಆಗ ಬಾಯಲ್ಲಿತ್ತೋ ಇಲ್ಲವೋ ಎಂಬ ಬಗ್ಗೆ ಎರಡು ಭಾನುವಾರ ಜಗಳವಾಡಿ ಕೊನೆಗೆ ಆ ಪದವನ್ನೇ ಬಿಟ್ಟೆವು.

ಪಟ್ಟಿಯಲ್ಲಿ ನನ್ನನ್ನು ತುಂಬ ಯೋಚನೆಗೆ ಹಚ್ಚಿದ ಪದ ‘ಕರ್ನಾಟಕ’. ಆ ಹೆಸರು ಸಾಹಿತಿಗಳ, ಏಕೀಕರಣದವರ ಬಾಯಲ್ಲಿ ಖಂಡಿತ ಇತ್ತು. ಬೊಂಬಾಯಿಯಲ್ಲೇ 1933ರಲ್ಲಿ ಕರ್ನಾಟಕ ಸಂಘ ಹುಟ್ಟಿತ್ತು. ಆದರೆ ಚಹಾ ಕೊಡುವ ಹದಿನೇಳರ ಹುಡುಗ ‘ನಾನು ಕರ್ನಾಟಕದವನು’ ಎಂದಿರುತ್ತಾನೆಯೇ? ಅವನ ಊರು ಮದರಾಸು ಪ್ರಾಂತ್ಯದಲ್ಲಿತ್ತು. ಪುಣೆಯ ಅಕ್ಕನ ಹುಬ್ಬಳ್ಳಿ ಬೊಂಬಾಯಿ ಪ್ರಾಂತ್ಯದಲ್ಲೇ ಇತ್ತು, ಅಂದರೆ ಹುಬ್ಬಳ್ಳಿಯವನಿಗೆ ಬೊಂಬಾಯಿ ಪರಸ್ಥಳವೇ ಹೊರತು ಪರರಾಜ್ಯವಲ್ಲ. ಕಲಬುರಗಿ ನಿಜಾಮರದ್ದು. ತುಮಕೂರು, ಶಿವಮೊಗ್ಗ ಮೈಸೂರು ಮಹಾರಾಜರದ್ದು. ನಮ್ಮ ಕೂಟದ ಐವರೂ 1944ರಲ್ಲಿ ಹುಟ್ಟಿದ್ದರೆ ನಾಲ್ಕು ಬೇರೆ ಬೇರೆ ಸರಕಾರಗಳ ಪ್ರಜೆಗಳಾಗಿರುತ್ತಿದ್ದೆವು. ಇದನ್ನು ಹೈದರಾಬಾದಿನವರು ಲೆಕ್ಕ ಹಾಕಿ ಹೇಳಿದಾಗ ಫೋನಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅಂದಿನಿಂದ ನಮ್ಮ ಮಾಣಿ ‘ನಮ್ಮ ಬದಿಯವ’ ಎನ್ನುತ್ತಾನೆ. ಹೋಟೆಲಿನ ಗಲ್ಲೆಯ ಬಳಿ ಬಂದ ಧಾರವಾಡದ ಗಿರಾಕಿಯ ಕನ್ನಡ ಅವನಿಗೆ ಮೊದಲು ಅರ್ಧ ಮಾತ್ರ ಅರ್ಥವಾಗುತ್ತದೆ. ಆ ಗಿರಾಕಿಯ ಮಾತನ್ನೆಲ್ಲ ಬರೆದುಕೊಟ್ಟವರು ಪುಣೆಯ ಅಕ್ಕ, ಒಂದಕ್ಷರವೂ ನನ್ನದಲ್ಲ.

‘ಮಾಣಿ’ ಎಂಬ ಪದದ ಸೊಗಸನ್ನು ತೋರಿಸಿಕೊಟ್ಟವರು ಚೆನ್ನೈ ಸರ್. ನಮ್ಮ ಕುಂದಾಪುರದ ಮನೆಗಳಲ್ಲಿ ಮಾಣಿ ಎಂದರೆ ಹುಡುಗ, ಮಗ. ತಾಯಿ ಮುದ್ದಿನಿಂದ ಕರೆಯುವ ಪದ. ಆ ಹುಡುಗರು ಊರೂರಿಗೆ ಹೋಗಿ ಹೋಟೆಲುಗಳಲ್ಲಿ ನಿಂತ ಮೇಲೆ ಘಟ್ಟದ ಮೇಲಿನ ಕನ್ನಡದಲ್ಲಿ ಮಾಣಿ ಎಂದರೆ ತಿಂಡಿ ತಂದುಕೊಡುವವನು. ‘ಸ್ವಾಮಿ, ನಮ್ಮ ತುಮಕೂರಲ್ಲಿ ನಾನು ಚಿಕ್ಕವನಿದ್ದಾಗ ಹೋಟೆಲಲ್ಲಿ ಮಾಣೀ ಅಂತ ಕೂಗ್ತಿದ್ದೆ. ಅದು ಒಬ್ಬ ತಾಯಿಯ ಪದ ಅಂತ ಈಗ ಗೊತ್ತಾಯ್ತು’ ಎಂದರು. ಕಾದಂಬರಿಯ ಮೂರನೇ ಅಧ್ಯಾಯ ಪೂರ್ತಿ ಈ ಒಂದು ಮಾತಿನ ಮೇಲೆ ನಿಂತಿದೆ. ಮೊದಲ ದಿನ ಗಿರಾಕಿಯೊಬ್ಬ ‘ಮಾಣೀ’ ಎಂದು ಕೂಗಿದಾಗ ಹುಡುಗ ಅಮ್ಮನ ದನಿ ಕೇಳಿದವನಂತೆ ತಿರುಗುತ್ತಾನೆ. ಹದಿನೈದು ದಿನ ಕಳೆದ ಮೇಲೆ ತಿರುಗುವುದಿಲ್ಲ, ಲೋಟ ಹಿಡಿದು ಓಡುತ್ತಾನೆ.

ಪ್ರಯಾಣದ ಅಧ್ಯಾಯಕ್ಕೆ ಬರುತ್ತೇನೆ. ಕೊಂಕಣ ರೈಲು ಬಂದದ್ದು 1998ರಲ್ಲಿ. ಅದಕ್ಕೂ ಅರ್ಧ ಶತಮಾನ ಹಿಂದೆ ಕರಾವಳಿಯಿಂದ ಬೊಂಬಾಯಿಗೆ ಜನ ಹೆಚ್ಚಾಗಿ ಹೋಗುತ್ತಿದ್ದದ್ದು ಹಡಗಿನಲ್ಲಿ. ನನ್ನ ಹುಡುಗನನ್ನು ನಾನು ಘಟ್ಟ ಹತ್ತಿಸಿದೆ, ಯಾಕೆಂದರೆ ಅಜ್ಜಿಯ ತಮ್ಮ ಶಿವಮೊಗ್ಗದಲ್ಲಿ ಒಂದು ವಾರ ನಿಂತು ಹೋದ ಎಂಬ ಮಾತು ಮನೆಯಲ್ಲಿತ್ತು. ಆಗುಂಬೆ ಘಾಟಿಯನ್ನು ಅವನು ಹತ್ತುವುದು ಇದ್ದಿಲು ಬಸ್ಸಿನಲ್ಲಿ. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಬರ. ಬಸ್ಸಿನ ಹಿಂದೆ ಒಲೆ ಕಟ್ಟಿ, ಇದ್ದಿಲಿನ ಅನಿಲದಿಂದ ಓಡಿಸುತ್ತಿದ್ದರು. ಆಮೇಲೆ ಬೀರೂರು, ಹುಬ್ಬಳ್ಳಿ, ಮೀರಜ್, ಪುಣೆ, ಅಷ್ಟು ದೂರವೂ ಮೀಟರ್ ಗೇಜ್. ಪುಣೆಯಲ್ಲಿ ಗಾಡಿ ಬದಲಿಸಬೇಕು. ಇಡೀ ದಾರಿ ಕಣ್ಣಿಗೆ ಕಲ್ಲಿದ್ದಲ ಕಿಡಿ. ಪುಣೆಯ ಅಕ್ಕನ ಯಜಮಾನರು ರೈಲ್ವೆಯಲ್ಲಿದ್ದವರು. ಅವರನ್ನು ಕೇಳಿ ಅಕ್ಕ ಅಂಚಿನಲ್ಲಿ ಬರೆದು ಕಳಿಸಿದರು: ‘ತಮ್ಮಾ, ಪುಣೇದಿಂದ ಮುಂದ ಹೊಗಿ ಬರೂದುಲ್ಲ. 1930ರ ಹೊತ್ತಿಗೇ ಆ ಹಾದಿಗೆ ಕರೆಂಟಿನ ಎಂಜಿನ್ ಬಂದಿತ್ತು.’ ನೋಡಿ, ಎಂಥ ವರ ಇದು! ಘಟ್ಟ ಇಳಿಯುವಾಗ ಹುಡುಗ ಎಂಜಿನ್ನಿನ ಹೊಗೆ ಹುಡುಕುತ್ತಾನೆ, ಹೊಗೆ ಇಲ್ಲ. ಗಾಡಿಯನ್ನು ಎಳೆಯುತ್ತಿರುವುದು ಏನೆಂದು ಅವನಿಗೆ ತಿಳಿಯುವುದಿಲ್ಲ. ಬೊಂಬಾಯಿಯ ಮೊದಲ ಬೆರಗು ಅವನಿಗೆ ಸಿಗುವುದು ಕಟ್ಟಡಗಳಲ್ಲಲ್ಲ, ಇಲ್ಲದ ಹೊಗೆಯಲ್ಲಿ. ಇದು ಯಾವ ಪುಸ್ತಕದಲ್ಲೂ ನನಗೆ ಸಿಗುತ್ತಿರಲಿಲ್ಲ ಎಂದಲ್ಲ. ಸಿಕ್ಕರೂ ಅದು ಹುಡುಗನ ಕಣ್ಣಿಗೆ ಸಂಬಂಧಪಟ್ಟದ್ದು ಎಂದು ಹೊಳೆಯಲು ಇನ್ನೊಬ್ಬರು ಬೇಕಾಯಿತು.

ಗಡಿಯಾರದ ಪ್ರಸಂಗವಂತೂ ಮೂರು ತಿಂಗಳು ನಡೆಯಿತು. ಸ್ಫೋಟ 4 ಗಂಟೆ 6 ನಿಮಿಷಕ್ಕೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ‘ಯಾವ ಗಡಿಯಾರದ ನಾಲ್ಕು?’ ಎಂದು ಕೇಳಿದರು ಚೆನ್ನೈ ಸರ್. ಮೊದಲಿಗೆ ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೊಂಬಾಯಿಗೆ ತನ್ನದೇ ಆದ ಕಾಲಮಾನವಿತ್ತು, ಭಾರತೀಯ ಕಾಲಮಾನಕ್ಕಿಂತ 39 ನಿಮಿಷ ಹಿಂದೆ. ಊರಿನ ಜನ ಅದನ್ನು ಹಟ ಹಿಡಿದು 1955ರವರೆಗೂ ಉಳಿಸಿಕೊಂಡಿದ್ದರು. ಸಾಲದ್ದಕ್ಕೆ ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್‌ವರೆಗೆ, ಸರಕಾರ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿತ್ತು. ಆ 4:06 ಸರಕಾರಿ ಗಡಿಯಾರದ್ದಾದರೆ ಬೊಂಬಾಯಿಯ ಸೂರ್ಯನ ಪ್ರಕಾರ ಆಗ ಎರಡೂವರೆ ಕೂಡ ಆಗಿರಲಿಲ್ಲ. ಏಪ್ರಿಲಿನ ಎರಡೂವರೆ ಎಂದರೆ ನೆರಳು ಕಾಲಬುಡ ಬಿಟ್ಟು ಹೆಚ್ಚು ದೂರ ಹೋಗಿರುವುದಿಲ್ಲ, ರಸ್ತೆಯ ಟಾರು ಮೆತ್ತಗಾಗಿರುತ್ತದೆ, ನಡುಹಗಲಿನ ಉರಿ. ಸಂಜೆಯ ಬೆಳಕಿನಲ್ಲಿ ನಡೆಯುವ ದುರಂತವೇ ಬೇರೆ, ಈ ಬಿಸಿಲಿನ ದುರಂತವೇ ಬೇರೆ. ಹೋಟೆಲಿನಲ್ಲಿ ಧಣಿಯ ಗೋಡೆ ಗಡಿಯಾರ ಒಂದು ಹೇಳುತ್ತದೆ, ಗೋದಿಯ ಗಡಿಯಾರ ಇನ್ನೊಂದು, ಹುಡುಗನ ಹೊಟ್ಟೆ ಮತ್ತೊಂದು. ಹಾಗಾಗಿ ಆ ಅಧ್ಯಾಯದಲ್ಲಿ ಗಂಟೆಯ ಲೆಕ್ಕವೇ ಇಲ್ಲ. ಭಟ್ರು ಎರಡನೇ ಹಂಡೆ ಚಹಾಕ್ಕೆ ನೀರಿಟ್ಟಿದ್ದರು, ಅಷ್ಟೇ.

ಈ ಮಾಹಿತಿ ಎಂಬುದು ಒಂದು ಚಟ, ಹಿಡಿದರೆ ಬಿಡುವುದಿಲ್ಲ. ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯ, ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರ, ಜಾನ್ ಎನ್ನಿಸ್ ಎಂಬವರು 1959ರಲ್ಲಿ ಬರೆದ ಪುಸ್ತಕ, ಹೀಗೆ ಶನಿವಾರಗಳು ಕಳೆದವು. ಹಡಗಿನ ಎರಡನೇ ಉಗ್ರಾಣದಲ್ಲಿ ಏನಿತ್ತು, ಅದು ಯಾವ ದಿನ ಇಂಗ್ಲೆಂಡಿನ ಬರ್ಕನ್‌ಹೆಡ್ ಬಿಟ್ಟಿತು, ಕಪ್ತಾನ ಯಾರು, ಎಲ್ಲ ಸೇರಿಸಿ ಹನ್ನೊಂದು ಪುಟ ಬರೆದು ಕಳಿಸಿದ್ದೆ. ಓದುವ ಸರದಿ ಹೈದರಾಬಾದಿನವರದ್ದಾಗಿತ್ತು. ಓದಿ ಮುಗಿಸಿ, ‘ಇದೆಲ್ಲಾ ಆ ಹುಡುಗಗ ಗೊತ್ತದ ಏನ್ರಿ?’ ಎಂದು ಕೇಳಿದರು. ದೆಹಲಿಯವನಿಗೆ ಆ ಪುಟಗಳು ಇಷ್ಟವಾಗಿದ್ದವು, ‘ಓದುಗನಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ರೇ ಮಾರಾಯ ನಾಟಕ ಹುಟ್ಟೋದು’ ಎಂದು ವಾದಿಸಿದ. ಅದೂ ನಿಜವೇ. ಆದರೆ ಕವಯಿತ್ರಿಯವರ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಆ ಹೊತ್ತಿನಲ್ಲಿ ಗೋದಿಯ ಸುತ್ತ ಇದ್ದ ಹೆಚ್ಚಿನ ಜನರಿಗೆ ಹಡಗಿನಲ್ಲಿ ಏನಿದೆ ಎಂದು ತಿಳಿದಿರಲಿಲ್ಲ. ತಿಳಿಯದಿದ್ದದ್ದರಿಂದಲೇ ಜನ ಹೊಗೆ ನೋಡುತ್ತ ನಿಂತರು. ಈಗ ಕಾದಂಬರಿಯಲ್ಲಿ ಆ ಹಡಗಿನ ಹೆಸರು ಒಮ್ಮೆಯೂ ಬರುವುದಿಲ್ಲ. ಹನ್ನೊಂದು ಪುಟದಲ್ಲಿ ಉಳಿದದ್ದು ಒಂದು ವಾಕ್ಯ, ಹತ್ತಿ ಸುಟ್ಟ ವಾಸನೆಯದ್ದು.

ಅವರೇ ಕೇಳಿದ ಇನ್ನೊಂದು ಪ್ರಶ್ನೆ: ‘ಅಂವಾ ಏನ್ ಉಣ್ತಾನ?’ ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೆ ತಿಳಿಯದ ಹುಡುಗ. ಬೊಂಬಾಯಿಯಲ್ಲಿ 1943ರ ಮೇ ತಿಂಗಳಿಂದ ರೇಷನ್. ಅದೇ ವರ್ಷ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತರು. ಗೋದಿಯ ಪಕ್ಕದ ದಾಣಾ ಬಂದರಿನಲ್ಲಿ ಗೋದಾಮು ತುಂಬ ಧಾನ್ಯ. ಕೂಗಳತೆಯಲ್ಲಿ ಅಳೆದು ಕೊಡುವ ಅಕ್ಕಿ. ಸ್ಫೋಟದಲ್ಲಿ ಆ ಧಾನ್ಯವೂ ಸುಟ್ಟಿತು. ಬೆಂದ ಅಕ್ಕಿಯ ವಾಸನೆ ದಿನಗಟ್ಟಲೆ ಬೀದಿಯಲ್ಲಿ ನಿಂತಿದ್ದರೆ ಹಸಿದವನಿಗೆ ಏನನ್ನಿಸುತ್ತದೆ ಎಂದು ಅವರು ಒಂದು ಪ್ಯಾರಾ ತಾವೇ ಬರೆದು ತೋರಿಸಿದರು. ಅದನ್ನು ಬಳಸಿಕೊಳ್ಳಲು ಒಪ್ಪಿಗೆ ಕೊಡಲಿಲ್ಲ, ‘ನೀವು ನಿಮ್ಮದು ಬರೀರಿ, ನಾ ಹೊಟ್ಟೀಕಿಚ್ಚು ಪಡ್ತೀನಿ’ ಎಂದರು. ನಾನು ಬರೆದದ್ದು ಅವರದ್ದರ ಹತ್ತಿರವೂ ಇಲ್ಲ, ಇರಲಿ.

ಎಲ್ಲದರಲ್ಲೂ ಒಮ್ಮತ ಬಂತು ಎಂದರೆ ಸುಳ್ಳಾಗುತ್ತದೆ. ಚಿನ್ನದ ಗಟ್ಟಿಯ ವಿಷಯದಲ್ಲಿ ದೆಹಲಿಯವನಿಗೂ ನನಗೂ ಇನ್ನೂ ರಾಜಿಯಾಗಿಲ್ಲ. ಸ್ಫೋಟದ ರಭಸಕ್ಕೆ ಹಡಗಿನ ಚಿನ್ನದ ಗಟ್ಟಿಯೊಂದು ಹಾರಿ ಗಿರಗಾಂವದ ಪಾರ್ಸಿ ಗೃಹಸ್ಥರೊಬ್ಬರ ಮನೆಯ ಚಾವಣಿ ಒಡೆದು ಬಿದ್ದಿತ್ತು. ನಡೆದದ್ದೇ. ಬಹಳ ವರ್ಷಗಳ ನಂತರವೂ ಹೂಳೆತ್ತುವಾಗ ಗಟ್ಟಿಗಳು ಸಿಕ್ಕಿವೆ. ‘ಒಂದೇ ಒಂದು ಗಟ್ಟಿ ಮಾಣಿಯ ಕಾಲಬುಡದಲ್ಲಿ ಬೀಳಲಿ ಮಾರಾಯ, ಎರಡನೇ ಅಂಕ ಅಲ್ಲೇ ಎದ್ದು ನಿಲ್ಲತ್ತೆ’ ಎಂದು ಅವನು. ಮುಂಬಯಿಗೆ ಬಂದ ಬಡವನಿಗೆ ಚಿನ್ನ ಸಿಗುವ ಕತೆ ಸಿನಿಮಾದವರು ಸಾಕಷ್ಟು ಮಾಡಿದ್ದಾರೆ ಎಂದು ನಾನು. ನಿಜ ಹೇಳಬೇಕೆಂದರೆ ಹೋಟೆಲಿನಲ್ಲಿ ತಿಂಗಳ ಸಂಬಳಕ್ಕೆ ದುಡಿದು, ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸಿ, ಮನಿಯಾರ್ಡರ್ ಫಾರ್ಮು ತುಂಬಿದ ಸಾವಿರಾರು ಹುಡುಗರಿಗೆ ಆ ಗಟ್ಟಿ ಬೀಳಿಸಿದರೆ ಅವಮಾನವಾಗುತ್ತದೆ ಎಂದೇ ನನ್ನ ನಂಬಿಕೆ. ಅವನು ಇದನ್ನು ಭಾವುಕತೆ ಎನ್ನುತ್ತಾನೆ. ಎರಡು ತಿಂಗಳು ಕೂಟಕ್ಕೇ ಬರಲಿಲ್ಲ. ಮೂರನೇ ತಿಂಗಳು ಬಂದು ಏನೂ ಆಗದವನಂತೆ ನನ್ನ ಏಳನೇ ಅಧ್ಯಾಯವನ್ನು ಅದ್ಭುತವಾಗಿ ಓದಿದ.

ಆ ಏಳನೇ ಅಧ್ಯಾಯ ಮುಗಿಯುವುದು ಹುಡುಗನ ಸಾವಿನಲ್ಲಿ. ಓದು ನಿಂತ ಮೇಲೆ ಪುಣೆಯ ಅಕ್ಕ ಕೇಳಿದರು, ‘ಇದನ್ನ ನಿಮ್ಮ ದೊಡ್ಡಮ್ಮಗ ಹೇಳಿಯೇನು?’

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಮಾಣಿ ಅವಳಿಗೆ ಸೋದರಮಾವ. ಅವನು ಹೊರಟಾಗ ಅವಳಿಗೆ ಆರು ವರ್ಷ. ಈಗ ಅವನನ್ನು ಕಣ್ಣಾರೆ ನೋಡಿದವರು ಭೂಮಿಯ ಮೇಲೆ ಉಳಿದಿರುವುದು ಅವಳೊಬ್ಬಳೇ. ಅವನಿಗೆ ನಮ್ಮ ಮನೆಯಲ್ಲಿ ಶ್ರಾದ್ಧವಿಲ್ಲ. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾದು, ದರ್ಭೆಯ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡುವ ಕ್ರಮವಿದೆ. 1956ರಲ್ಲಿ ಪುರೋಹಿತರು ಬಂದು ಹೇಳಿದಾಗ ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿಬಿಟ್ಟಳಂತೆ. ಯುದ್ಧಕ್ಕೆ ಸೇರಿರಬಹುದು, ಹಡಗು ಹತ್ತಿರಬಹುದು, ಬೇರೆ ಊರಲ್ಲಿ ಸಂಸಾರ ಮಾಡಿಕೊಂಡಿರಬಹುದು. ಯುದ್ಧಕಾಲದ ಕಟ್ಟುಪಾಡಿನಿಂದ ಸ್ಫೋಟದ ವಿವರವಾದ ಸುದ್ದಿ ಕಳಿಸಲು ಪತ್ರಕರ್ತರಿಗೆ ಅವಕಾಶ ಸಿಗಲೇ ಮೇ ತಿಂಗಳಾಯಿತು. ನಮ್ಮ ಹಳ್ಳಿಗೆ ಬರುವ ಹೊತ್ತಿಗೆ ಮಳೆ ಶುರುವಾಗಿತ್ತು. ಅವನು ಆ ದಿನ ಅಲ್ಲಿದ್ದ ಎಂಬುದಕ್ಕೆ ಒಂದು ಚೂರು ಕಾಗದವಿಲ್ಲ. ನಾನು ಹುಡುಕಿದ ಯಾವ ಕಡತದಲ್ಲೂ ಹೋಟೆಲ್ ಹುಡುಗರ ಹೆಸರಿನ ಪಟ್ಟಿ ನನ್ನ ಕಣ್ಣಿಗೆ ಬೀಳಲಿಲ್ಲ.

ಊರಿಗೆ ಹೋಗಿ ದೊಡ್ಡಮ್ಮನೆದುರು ಮೊದಲ ಎರಡು ಅಧ್ಯಾಯ ಓದಿದೆ. ಇದ್ದಿಲು ಬಸ್ಸಿಗೆ ನಕ್ಕಳು. ಹುಡುಗ ಹೊರಡುವಾಗ ಕೈಯಲ್ಲಿದ್ದ ಗಂಟು ಬಿಳಿ ಬಟ್ಟೆಯದ್ದಲ್ಲ, ಅಜ್ಜಿಯ ಹಳೇ ಸೀರೆಯ ಚೌಕುಳಿ ತುಂಡು ಎಂದಳು. ಆಮೇಲೆ ನಾನು ಕೊನೆಯಲ್ಲಿ ಏನಾಗುತ್ತದೆ ಎಂದು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು.

‘ಹಂಗಾರೆ ನೀ ಅವ್ನನ್ನ್ ಕೊಲ್ಲುಕೆ ಹೊರಟ್ಯಾ ಮಾಣಿ?’

ನನಗೆ ಐವತ್ತೆಂಟು. ಅವಳಿಗೆ ನಾನು ಇನ್ನೂ ಮಾಣಿಯೇ. ಇದು ಕಾದಂಬರಿ, ಹೆಸರು ಬೇರೆ, ಹುಡುಗ ಬೇರೆ ಎಂದು ವಿವರಿಸಿದೆ. ಅವಳು ಕೇಳಿಸಿಕೊಂಡಳು. ರಾತ್ರಿ ಊಟವಾದ ಮೇಲೆ ಅವಳೇ ಮತ್ತೆ ಮಾತು ತೆಗೆದಳು. ‘ಅಮ್ಮ ಸಾಯೂತನಕ ಬಾಗಿಲಿಗೆ ಚಿಲಕ ಹಾಕ್ಲಿಲ್ಲ. ನೀ ಪುಸ್ತಕದಲ್ ಬರ್ದ್ರೆ ಅದು ಆಯ್ತ್ ಅಂದಂಗೆ. ಸತ್ತ ಅಂತ ಬರೀಬೇಡ. ಬರ್ಲಿಲ್ಲ ಅಂತ ಬರಿ.’

ಈ ಮಾತನ್ನು ಕೂಟಕ್ಕೆ ಒಪ್ಪಿಸಿದೆ. ಆ ಭಾನುವಾರದ ಕೂಟ ಮೂರು ಗಂಟೆ ನಡೆಯಿತು. ಚೆನ್ನೈ ಸರ್ ಅವರ ವಾದ, ಬರೆಯುವವನು ಮನೆಯವರ ಅಪ್ಪಣೆ ಕೇಳುತ್ತ ಕೂತರೆ ಕನ್ನಡದಲ್ಲಿ ಅರ್ಧ ಸಾಹಿತ್ಯ ಇರುತ್ತಿರಲಿಲ್ಲ. ಹುಡುಗ ಸಾಯಲೇಬೇಕು, ಇಲ್ಲದಿದ್ದರೆ ಲೆಕ್ಕಕ್ಕೆ ಸಿಗದ ಆ ಐನೂರು ಜನರಿಗೆ ಮತ್ತೊಮ್ಮೆ ಅನ್ಯಾಯ. ಪುಣೆಯ ಅಕ್ಕ ಇದಕ್ಕೆ ಪೂರ್ತಿ ವಿರುದ್ಧ: ಮನೆಯವರು ಕಾದದ್ದೂ ಇತಿಹಾಸವೇ, ಅದನ್ನು ಬರೆದವರು ಯಾರಿದ್ದಾರೆ? ದೆಹಲಿಯವನು, ನಾಟಕದವನಲ್ಲವೇ, ಎರಡೂ ಇಡು ಎಂದ. ಹೈದರಾಬಾದಿನವರು ಕೊನೆಯಲ್ಲಿ ಒಂದೇ ಮಾತು ಹೇಳಿದರು. ಹುಡುಗನಿಗೆ ನಾನು ಕೊಟ್ಟಿದ್ದ ಕಲ್ಪಿತ ಹೆಸರು ತೆಗೆಯಬೇಕು. ಹೋಟೆಲಿನಲ್ಲಿ ಎಲ್ಲರೂ ಅವನನ್ನು ಮಾಣಿ ಎನ್ನಲಿ. ನಿಜವಾದ ಹೆಸರು ಒಂದೇ ಸಲ ಬರಲಿ, ಮನಿಯಾರ್ಡರ್ ಫಾರ್ಮಿನ ಮೇಲೆ, ಅವನ ಕೈಬರಹದಲ್ಲಿ, ಕಳಿ‌ಸುವವರ ಹೆಸರು ಎಂಬ ಜಾಗದಲ್ಲಿ.

ಆ ಹೆಸರು ಯಾವುದಿರಬೇಕು ಎಂದು ನಾನು ದೊಡ್ಡಮ್ಮನಿಗೆ ಫೋನು ಮಾಡಿ ಕೇಳಿದೆ. ಅವನದ್ದೇ ಹಾಕು ಎಂದಳು.

ಸಾವಿನ ಅಧ್ಯಾಯ ಈಗ ಬೇರೆಯಾಗಿದೆ. ಹಂಡೆಯ ನೀರು ಕುದಿಯುವ ಮೊದಲು ಧಣಿ ಹುಡುಗನ ಕೈಗೆ ಚಹಾದ ಕೆಟಲು ಕೊಟ್ಟು ಗೋದಿಯ ಗೇಟಿನ ಕಡೆ ಕಳಿಸುತ್ತಾನೆ. ನಾವು ಹೋಟೆಲಿನಲ್ಲೇ ಉಳಿಯುತ್ತೇವೆ, ಭಟ್ರ ಜೊತೆ. ಮುಂದಿನ ಅಧ್ಯಾಯ ಊರಿನದ್ದು: ಮಳೆ, ಚಿಲಕ ಹಾಕದ ಬಾಗಿಲು, ಪೋಸ್ಟ್‌ಮನ್. ಚೆನ್ನೈ ಸರ್‌ಗೆ ಇದು ಒಪ್ಪಿಗೆಯಾಗಿಲ್ಲ, ಹಾಗೆಂದು ನೇರವಾಗಿಯೇ ಬರೆದಿದ್ದಾರೆ. ಆದರೂ ಹತ್ತೊಂಬತ್ತು ಪುಟಗಳನ್ನೂ ಪೆನ್ಸಿಲಿನಲ್ಲಿ ತಿದ್ದಿ ಅಂಚೆಯಲ್ಲಿ ವಾಪಸು ಕಳಿಸಿದ್ದಾರೆ. ಕೊನೆಯ ಪುಟದ ಕೆಳಗೆ ಹೊಸ ಪ್ರಶ್ನೆಯೊಂದಿದೆ: ಆ ವರ್ಷ ಸೌರ ಯುಗಾದಿ ಸರಿಯಾಗಿ ಯಾವ ದಿನ ಬಿತ್ತು, ಅದೇ ವಾರವಲ್ಲವೇ, ಹಾಗಿದ್ದರೆ ಹೋಟೆಲಿನಲ್ಲಿ ಭಟ್ರು ಸಿಹಿ ಮಾಡಿರಲಿಲ್ಲವೇ, ಮಾಡಿದ್ದರೆ ಸಕ್ಕರೆ ಎಲ್ಲಿಂದ ಬಂತು? 1944ರ ಪಂಚಾಂಗ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಪತ್ರಿಕೆಯ ಮೂಲಕ ತಿಳಿಸಿ. ಎರಡನೇ ಭಾನುವಾರದೊಳಗೆ ಸಿಕ್ಕರೆ ಇನ್ನೂ ಒಳ್ಳೆಯದು.